ಖಾಲಿ ಮತ್ತು ಸೊನ್ನೆ

ಬೆಳಗಿನ ನಾಲ್ಕೂವರೆಗೆ ಮಲ್ಪೆ ದಕ್ಕೆಯಲ್ಲಿ
ಇಲಾಖೆ ಕೊಟ್ಟ ಟ್ಯಾಬ್ ತೆರೆಯುತ್ತೇನೆ.
ಪರದೆಗೆ ನನ್ನ ಬೆರಳಿನ ಗುರುತು ಹತ್ತುವುದಿಲ್ಲ,
ತುದಿಯಲ್ಲಿ ಮಂಜುಗಡ್ಡೆಯ ನೀರು, ಒಂದೆರಡು ಬೆಳ್ಳಿ ಹುರುಪೆ.
ಶಾಲಿನ ಅಂಚಿಗೆ ಒರೆಸಿ ಮತ್ತೆ ಒತ್ತಿದರೆ
'ತಪ್ಪು. ಇನ್ನು ಎರಡು ಅವಕಾಶ.'

ತಪ್ಪಲ್ಲ ಮಾರಾಯ, ಒದ್ದೆ.

ಹೇಳಿಕೊಳ್ಳಲು ಸುಲಭದ ಕೆಲಸ:
ಯಾವ ಬೋಟು, ಯಾವ ಮೀನು, ಎಷ್ಟು ಕಿಲೋ.
ಗಿರಿಜಕ್ಕ ಬುಟ್ಟಿ ತೋರಿಸಿ ಬೂತಾಯಿ ಅನ್ನುತ್ತಾರೆ.
ಗಂಗೊಳ್ಳಿಯ ಸೋಮ ಖಾರ್ವಿಗೆ ಅದೇ ತಾರ್ಲೆ,
ಲಾರಿಗೆ ತುಂಬಿಸುವ ಮೊಯ್ದಿನಬ್ಬನಿಗೆ ಮತ್ತಿ,
ಕುಂದಾಪುರದ ಕಲಾಸಿ ಬೈಗೆ ಎಂದು ಹೇಳಿ ಬೀಡಿ ಹಚ್ಚುತ್ತಾನೆ.
ನನಗಿಂತ ಮೊದಲಿದ್ದ ಹುಡುಗ, ಪಾಪ,
ಕೇಳಿದ್ದನ್ನು ಕೇಳಿದ ಹಾಗೇ ಬರೆದು ಹೋಗಿದ್ದ.
ವರ್ಷದ ಕೊನೆಗೆ ಮಂಗಳೂರಿನ ಕಚೇರಿಯಲ್ಲಿ
ಒಂದು ಮೀನು ನಾಲ್ಕು ಜಾತಿಯಾಯಿತು,
ಬೂತಾಯಿಯೊಂದೇ ಆರು ಕಾಗುಣಿತದಲ್ಲಿ ಈಜಾಡಿತು,
ಸಭೆಯಲ್ಲಿ ಯಾರೋ ಕರಾವಳಿಯಲ್ಲಿ
ಮೀನಿನ ಬಗೆ ಹೆಚ್ಚಿದೆ ಎಂದು ಸಂತೋಷಪಟ್ಟರು.

ಬೋಟುಗಳು ಕಟ್ಟಿ ನಿಂತ ಮಳೆಗಾಲದ ಎರಡು ತಿಂಗಳು
ಕೂತು ಅದನ್ನೆಲ್ಲ ಬಿಡಿಸಿದೆ.
ಶೆಡ್ಡಿನ ಆ ಬದಿ ಬಲೆ ರಿಪೇರಿಯವರು, ಈ ಬದಿ ನಾನು,
ಮಂಡೆ ಬಗ್ಗಿಸಿ
ಅವರೂ ತೂತು ಹುಡುಕುತ್ತಿದ್ದರು, ನಾನೂ.
ಹದಿನಾಲ್ಕು ಸಾವಿರ ಸಾಲು.
ಒಂದು ಕಡೆ ಒಂದೇ ಒಂದು ಅಂಜಲ್, ಎಂಟುನೂರು ಕಿಲೋ!
ಅರ್ಧ ದಿನ ಹೋಯಿತು ತಿಳಿಯಲು,
ಅದು ತೂಕವಲ್ಲ, ದರ. ಕಾಲಂ ಜಾರಿತ್ತು.

ಈಗ ಹೊಸ ಆ್ಯಪ್. ಬರೆಯುವಂತಿಲ್ಲ, ಆರಿಸಬೇಕು.
ಪಟ್ಟಿಯಲ್ಲಿ ಮೂವತ್ತೊಂದು ಮೀನು,
ಮೂವತ್ತೆರಡನೆಯದು 'ಇತರೆ'.
ಇತರೆ ಎಂದರೆ ಉಳಿದ ಸಮುದ್ರ.

'ನಿನ್ನ ಹಲಗೆಯಲ್ಲಿ ನಾಳೆ ಎಷ್ಟು ಬರ್ತದೆ ಅಂತ ಉಂಟಾ?'
ಗಿರಿಜಕ್ಕ ಕೇಳುತ್ತಾರೆ.
ಇಲ್ಲ ಅಕ್ಕ, ಮೊನ್ನೆಯದು ಮಾತ್ರ.
ಅದೂ ನೆಟ್‌ವರ್ಕ್ ಸಿಕ್ಕಿದರೆ.

ಆ ವಾರ 'ಜಲದೀಪಿಕಾ' ಸೋಮವಾರ ಬರಬೇಕಿತ್ತು.
ಬುಧವಾರ ವಯರ್‌ಲೆಸ್ಸಿನಲ್ಲಿ ಬರೀ ಗರಗರ.
ಗುರುವಾರ ತಾಂಡೇಲ ವಾಮನ ತಿಂಗಳಾಯರ ಹೆಂಡತಿ
ದಕ್ಕೆಗೆ ಬಂದು, ಯಾರನ್ನೂ ಏನೂ ಕೇಳದೆ,
ಐಸ್ ಪ್ಲಾಂಟಿನ ಗೋಡೆಗೆ ಒರಗಿ ನಿಂತರು.
ನನ್ನ ಪರದೆಯಲ್ಲಿ ಆ ಬೋಟಿನ ಎದುರು ಒಂದು ಚೌಕ,
ಕೆಂಪು ಗೆರೆ: 'ಈ ಜಾಗ ಖಾಲಿ ಬಿಡುವಂತಿಲ್ಲ.'
ಅದು ತುಂಬದೆ ಉಳಿದ ನೂರಹನ್ನೆರಡು ಬೋಟು
ಮುಂದೆ ಹೋಗುವುದಿಲ್ಲ.

ಕಚೇರಿಗೆ ಫೋನು ಮಾಡಿದೆ.
'ಸೊನ್ನೆ ಹಾಕಿ ಕಳಿಸಿ ಮೇಡಂ, ಎಂತ ಆಗ್ತದೆ?'
ಹುಡುಗ ಒಳ್ಳೆಯವನೇ. ಅವನಿಗೆ ಐದು ಗಂಟೆಗೆ ವರದಿ ಬೇಕು.
ನಾನು ಹೇಗೆ ಹೇಳಲಿ:
ಸೊನ್ನೆ ಎಂದರೆ ಬಂದರು, ಬಲೆ ಎಳೆದಿದ್ದರು,
ಮೀನು ಸಿಕ್ಕಲಿಲ್ಲ, ಬೈದುಕೊಂಡು ಚಾ ಕುಡಿದರು.
ಸೊನ್ನೆಗೆ ಮನೆಗೆ ಹೋಗಲು ದಾರಿಯುಂಟು.
ಖಾಲಿ ಎಂದರೆ
ಇನ್ನೂ ಏನೂ ಅಲ್ಲ.

ಗೋಡೆಯ ಬಳಿ ಅವರು ನಿಂತೇ ಇದ್ದರು.
ನಾನು ಸೊನ್ನೆ ಒತ್ತಲಿಲ್ಲ.
ಐದಾಯಿತು, ಆರಾಯಿತು, ಫೋನು ಎರಡು ಸಲ ಬಡಿದುಕೊಂಡಿತು.
ನೂರಹನ್ನೆರಡು ಬೋಟಿನ ಮೀನು
ನನ್ನ ಮಡಿಲಲ್ಲಿ ರಾತ್ರಿಯಿಡೀ ಕಾದಿತು.

ಶುಕ್ರವಾರ ಮಧ್ಯಾಹ್ನ ಕಾರವಾರದಿಂದ ಸುದ್ದಿ:
ಎಂಜಿನ್ ಸತ್ತು, ಬೇರೆ ಬೋಟು ಎಳೆದು ತಂದು,
ಅಲ್ಲೇ ರಿಪೇರಿಯಾಗಿ ಹೊರಟಿದ್ದಾರೆ.
ಶನಿವಾರ ಕತ್ತಲಿಗೆ ಮುಂಚೆ ಅಳಿವೆಯಲ್ಲಿ ಕಂಡರು.
ಎಂಟು ಜನ. ಐಸ್ ಕರಗಿ
ಇದ್ದಬದ್ದ ಮೀನೆಲ್ಲ ಹಾಳಾಗಿ ಕಡಲಿಗೇ ಚೆಲ್ಲಿದ್ದರಂತೆ.
ತಿಂಗಳಾಯರು ಹಗ್ಗ ಎಸೆಯುತ್ತಾ ನನ್ನ ಕಡೆ ನೋಡಿ,
'ಬರೆಯುವಂಥದ್ದು ಎಂತದೂ ಇಲ್ಲ ಇವತ್ತು' ಎಂದರು.

ಉಂಟು ಎಂದೆ.

ಆ್ಯಪ್ ಕೇಳಿತು: 'ತೂಕ ಸೊನ್ನೆ. ಖಚಿತವೇ?'
'ಹೌದು' ಒತ್ತಿದೆ. ಹತ್ತಲಿಲ್ಲ.
ಬೆರಳು ಒದ್ದೆ.
ಶಾಲಿಗೆ ಒರೆಸಿ,
ಮತ್ತೆ ಒತ್ತಿದೆ.